ಮಾಳಿಗೆಯ ಮೇಲೆ ಚರಗ

ಪ್ರಮಿಳಾಗೆ ‘ಇಲ್ಲ’ ಎನ್ನುವ ಮಾತು ಬಾಯಿಗೇ ಬರುವುದಿಲ್ಲ. ಮಹಾಂತೇಶ ನಗರದ ಆ ಓಣಿಯಲ್ಲಿ ಅರ್ಧ ಆಯುಷ್ಯ ಜಂಪರು ಹೊಲಿದವಳು ಆಕೆ. ಸಂಜೆ ಬಟ್ಟೆ ತಂದು ನಾಳೆ ಮುಂಜಾನೆ ಬಸುರಿ ಮಗಳ ಕುಬಸದ ಕಾರ್ಯಕ್ಕೆ ಬೇಕು ಎನ್ನುವ ಮಹಾತಾಯಂದಿರಿಗೂ “ಆತ್ ತಗೋರಿ” ಎಂದೇ ಹೇಳುತ್ತಿದ್ದಳು. ಕೊನೆಗೆ ಮೊಣಕಾಲು ಕೈಕೊಟ್ಟವು. ಹೊಲಿಗೆ ಯಂತ್ರಕ್ಕೆ ಹಳೆಯ ಸೀರೆ ಹೊದಿಸಿದ ದಿನ, ಇನ್ನಾದರೂ ಇವಳು ಒಂದು ಕಡೆ ಕೂರುತ್ತಾಳೆ ಎಂದು ಗಂಡ ಈರಯ್ಯ ಅಂದುಕೊಂಡ. ಎಲ್ಲಿಯ ಕೂರುವುದು! ಮಾಳಿಗೆಯ ಮೇಲೆ ಒಡೆದ ಬಕೆಟ್ಟು, ಬಣ್ಣದ ಡಬ್ಬಿ, ಸಿಮೆಂಟಿನ ಚೀಲಗಳನ್ನು ಸಾಲಾಗಿಟ್ಟು ಕಾಯಿಪಲ್ಲೆ ಬೆಳೆಯಲು ನಿಂತಳು.

ಬೆಳೆದದ್ದನ್ನು ತಾನೊಬ್ಬಳೇ ತಿನ್ನುವ ಜೀವವಲ್ಲ. ಹೆಚ್ಚಾದ ಮೆಂತ್ಯವನ್ನು ಬಾಜು ಮನೆಗೆ ಕೊಟ್ಟಳು. ಅವರು ಒಂದು ಹಿಡಿ ಪುಂಡಿ ಸೊಪ್ಪು ಕೊಟ್ಟರು. ಹಾಗೆ ಶುರುವಾದದ್ದೇ ಸೋಮವಾರದ ಬುಟ್ಟಿ. ಸೋಮವಾರ ಸಂಜೆ ಅವಳ ಮನೆಯ ಕಟ್ಟೆಯ ಮೇಲೆ ಬುಟ್ಟಿಗಳನ್ನಿಡುವುದು. ಮನೆಯಲ್ಲಿ ಬೆಳೆದದ್ದನ್ನು ಹಾಕಬೇಕು, ಬೇಕಾದದ್ದನ್ನು ಒಯ್ಯಬೇಕು, ರೊಕ್ಕದ ಮಾತು ಆಡಬಾರದು. ನೋಡನೋಡುತ್ತ ಓಣಿಯ ಎಷ್ಟೋ ಮನೆಗಳು ಸೇರಿದವು. ಹಿಂದವಾಡಿಯಿಂದ ಸೃಷ್ಟಿ ಎಂಬ ಬ್ಯಾಂಕಿನ ಹುಡುಗಿ ಇಡೀ ಊರು ದಾಟಿ ಸ್ಕೂಟಿಯ ಮೇಲೆ ಬರತೊಡಗಿದಳು. ವಾಟ್ಸಾಪ್ ಗುಂಪೂ ಹುಟ್ಟಿತು. ಆಮೇಲೆ ಕೇಳಬೇಕೆ? ಬುಟ್ಟಿಗೆ ಹಾಕುವ ಕೈಗಳು ಕಡಿಮೆಯಾದವು, ಗುಂಪಿನಲ್ಲಿ ಹೂವಿನ ಚಿತ್ರ ಹಾಕುವ ಕೈಗಳು ಹೆಚ್ಚಿದವು. ಒಬ್ಬರಿಗೆ ಮದುವೆ ಕೆಲಸ, ಮತ್ತೊಬ್ಬರಿಗೆ ಮಕ್ಕಳ ಪರೀಕ್ಷೆ. ಎಲ್ಲರ ಪಾಲಿನ ಸಸಿಯನ್ನೂ ಪ್ರಮಿಳಾಳೇ ಮಾಡಬೇಕು, ಗೊಬ್ಬರವನ್ನೂ ಅವಳೇ ತರಬೇಕು. ನಳ ಬಂದ ದಿನ ಕೆಳಗಿನಿಂದ ಕೊಡ ಹೊತ್ತು ಮಾಳಿಗೆಯ ಮೆಟ್ಟಿಲು ಹತ್ತುವಾಗ ಅವಳಿಗೆ ಅಳುವೇ ಬರುತ್ತಿತ್ತು. ಸೋಮವಾರ ಎಂದರೆ ಹಿಗ್ಗುತ್ತಿದ್ದವಳು ರವಿವಾರ ಸಂಜೆಯಿಂದಲೇ ಸಪ್ಪಗಾಗುತ್ತಿದ್ದಳು.

“ಬಿಟ್ಟಬಿಡು ಅಂದ್ರ ಕೇಳವಲ್ಲಿ,” ಎನ್ನುತ್ತಿದ್ದ ಈರಯ್ಯ.

“ಹ್ಯಾಂಗ್ ಬಿಡ್ಲಿ? ಮಂದಿ ಏನಂದಾರು?”

“ಮಂದಿಗೆ ಮಾರ್ಕೆಟ್ ಐತಿ. ನಿನಗ ಬ್ಯಾರೆ ಮೊಣಕಾಲಿಲ್ಲ.”

ಬಿಡಲಾಗದ್ದಕ್ಕೆ ಇನ್ನೊಂದು ಕಾರಣವಿತ್ತು. ಬುಟ್ಟಿಯಲ್ಲಿ ಎಲ್ಲರೂ ಕಿತ್ತಾಡಿ ಒಯ್ಯುತ್ತಿದ್ದುದು ಖಾನಾಪುರದ ಚಂದ್ರಭಾಗಾ ಮಾವಶಿ ಕೊಟ್ಟ ಬೀಜದ ಬದನೆಕಾಯಿ. ಹಸಿರು ಮೈಗೆ ಬಿಳಿ ಗೆರೆ, ಬೆಣ್ಣೆಯಂತೆ ಬೇಯುವ ಕಾಯಿ. ಹಿಂದೊಮ್ಮೆ ಗೊಬ್ಬರ ಹುಡುಕಿಕೊಂಡು ಹೋದಾಗ ಈ ಮರಾಠಿ ಮುದುಕಿಯ ಪರಿಚಯವಾಗಿ, ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಎನ್ನತೊಡಗಿದ್ದಳು. ಕಾಡುಹಂದಿಗಳ ಕಾಟಕ್ಕೆ ಬೇಸತ್ತು ತೋಟ ಬಿಟ್ಟ ಮಾವಶಿ, ಇದ್ದ ಬೀಜವನ್ನೆಲ್ಲ ಅರಿವೆಯ ಗಂಟು ಕಟ್ಟಿ ಇವಳ ಕೈಗೆ ಹಾಕಿದ್ದಳು. ಬೀಜಕ್ಕೆ ಬೆಲೆ ಇಲ್ಲ. ಬೆಳೆದು, ಒಳ್ಳೆಯ ಕಾಯಿಯನ್ನು ಗಿಡದಲ್ಲೇ ಹಣ್ಣು ಮಾಡಿ, ಒಂದು ಹಿಡಿ ಬೀಜವನ್ನು ತಿರುಗಿ ತಂದುಕೊಡಬೇಕು, ಅಷ್ಟೇ. ಪ್ರಮಿಳಾ ವರ್ಷ ವರ್ಷ ತಪ್ಪದೆ ಕೊಟ್ಟುಬರುತ್ತಿದ್ದಳು. ಈ ವರ್ಷ ಮಾತ್ರ ಎಲ್ಲರೂ ನನಗೂ ಸಸಿ, ನನಗೂ ಸಸಿ ಎಂದರು. ಇಲ್ಲ ಎನ್ನಲಾರದೆ, ಮಾವಶಿಗೆ ತಿರುಗಿ ಕೊಡಬೇಕಾದ ಬೀಜವನ್ನೂ ಸೇರಿಸಿ ಎಲ್ಲವನ್ನೂ ಟ್ರೇಗಳಿಗೆ ಹಾಕಿಬಿಟ್ಟಳು.

ಸಸಿಗಳು ಬೆರಳುದ್ದ ಬಂದಾಗ ಎಳ್ಳ ಅಮಾವಾಸ್ಯೆ ಬಂತು. ಆ ದಿನ ಹೊಲಕ್ಕೆ ಹೋಗಿ, ಮಾಡಿದ ಅಡಿಗೆಯನ್ನೆಲ್ಲ ಕಲಸಿ, ಭೂಮಿತಾಯಿಗೆಂದು ಪೈರಿನಲ್ಲಿ ಚೆಲ್ಲುವುದೇ ಚರಗ. ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣಬೇಕು. ಓಣಿಯ ಬಸವಪ್ರಸಾದರಿಗೆ ಬೈಲಹೊಂಗಲದ ಕಡೆಯ ಹೊಲ ಕೈಬಿಟ್ಟು ಬಹಳ ಕಾಲವಾಗಿತ್ತು. ಹೊಲ ಹೋದರೂ ನಾಲಿಗೆಯ ಚಟ ಹೋಗಬೇಕಲ್ಲ!

“ಅಕ್ಕಾರ, ಈ ಸಲ ನಿಮ್ಮ ಮಾಳಿಗಿ ಮ್ಯಾಲನ ಚರಗಾ ಚೆಲ್ಲೂಣ್ರಿ. ನಮಗೆಲ್ಲಾ ಅದ ಹೊಲ.”

ಮಾಳಿಗೆಯ ಮೇಲೆ ಅನ್ನ ಚೆಲ್ಲಿದರೆ ಇಲಿ ಬರುತ್ತವೆ ಎಂಬುದು ಪ್ರಮಿಳಾಗೆ ಗೊತ್ತಿತ್ತು. ಒಂದೇ ಕುಂಡದಲ್ಲಿ ಶಾಸ್ತ್ರಕ್ಕೆ ಚೆಲ್ಲಿದರೆ ಸಾಕು ಎನ್ನಬೇಕೆಂದು ಬಾಯಿ ತೆರೆದಳು. ಹೊರಗೆ ಬಂದದ್ದು “ಆತ್ ತಗೋರಿ” ಮಾತ್ರ.

ಊಟವೇನೋ ಭರ್ಜರಿಯಾಯಿತು. ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ, ಹೋಳಿಗೆ. ಬಸವಪ್ರಸಾದರು ತಲೆಗೆ ರುಮಾಲು ಸುತ್ತಿ, ಹೊಲದಲ್ಲಿ ಕೂಗುವಂತೆಯೇ ಕೂಗುತ್ತ, ಒಂದು ಬಕೆಟ್ಟನ್ನೂ ಬಿಡದೆ ಚರಗ ಚೆಲ್ಲಿದರು. ಹೊಲದಲ್ಲಾದರೆ ಹಕ್ಕಿ, ಇರುವೆ, ಮಣ್ಣು ಎಲ್ಲವೂ ಸೇರಿ ಅದನ್ನು ಮುಗಿಸುತ್ತವೆ. ಗಚ್ಚಿನ ಮೇಲಿನ ಈ ಹೊಲಕ್ಕೆ ಇಲಿಗಳು ಬಂದವು. ಬಂದಂಥವು ಹೋಳಿಗೆ ಮುಗಿಸಿ ಸುಮ್ಮನೆ ಹೋಗಲಿಲ್ಲ. ಅನ್ನವೆಲ್ಲ ತೀರಿದ ಮೇಲೆ ಮಣ್ಣು ಕೆದರಿದವು, ಸಸಿಗಳ ದಂಟು ಕಡಿದವು. ಒಂದು ಮುಂಜಾನೆ ಪ್ರಮಿಳಾ ಮೇಲೆ ಹೋದಾಗ ಬದನೆಯ ಟ್ರೇಗಳಲ್ಲಿ ಒಂದು ಸಸಿಯೂ ನಿಂತಿರಲಿಲ್ಲ.

ಅವಳು ನೀರಿನ ಕೊಡವನ್ನು ಕೆಳಗಿಟ್ಟು ಅದರ ಬಾಜುವೇ ಕೂತಳು. ಮೊದಲು ಬಂದದ್ದು ದುಃಖವಲ್ಲ, ಸಂತೋಷ. ಇನ್ನು ನೀರು ಹೊರುವುದಿಲ್ಲ, ಸೋಮವಾರ ಇಲ್ಲ, ಮುಗಿಯಿತು! ಮರುಕ್ಷಣವೇ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಾವಶಿಯ ಬೀಜ ಹಾಳಾಗಿದೆ, ತಾನು ಹಿಗ್ಗುತ್ತಿದ್ದೇನೆ. ಗುಂಪಿನಲ್ಲಿ ಯಾರಿಗೂ ಏನೂ ತಿಳಿಸಲಿಲ್ಲ. ಹೇಗಾದರೂ ಮಾಡಿ ಮಾವಶಿಯ ಹತ್ತಿರ ಮತ್ತೆ ನಾಲ್ಕು ಕಾಳು ಬೇಡಿ ತಂದು, ಮತ್ತೆ ಟ್ರೇ ಹಾಕಬೇಕೆಂದು ಖಾನಾಪುರದ ಬಸ್ಸು ಹತ್ತಿದಳು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲೆ ಆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ಪುಣ್ಯ. ನಿಂತುಕೊಂಡೇ ಹೋದಳು.

ಚಂದ್ರಭಾಗಾ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಪ್ರಮಿಳಾ ಎಲ್ಲವನ್ನೂ ಹೇಳಿದಳು, ಹಿಗ್ಗಿದ್ದನ್ನೂ ಮುಚ್ಚಿಡಲಿಲ್ಲ. ಮುದುಕಿ ಅಕ್ಕಿಯ ಮೊರದಿಂದ ಕಣ್ಣೆತ್ತದೆ ಕೇಳಿದಳು.

“ಬೀಜಾ ಅದಾವು,” ಎಂದಳು ಕೊನೆಗೆ. “ಬಚ್ಚಲ ನೀರಿಗೆ ಎರಡು ಗಿಡಾ ಹಚ್ಚೇನಿ. ಹಣ್ಣಾಗಿ ನಿಂತಾವು.”

ಪ್ರಮಿಳಾಗೆ ಹೋದ ಜೀವ ಬಂದಂತಾಯಿತು. “ನಾಕ ಕಾಳ ಕೊಡ್ರಿ ಮಾವಶಿ. ಈ ಸಲ ಜ್ವಾಕಿ ಮಾಡ್ತೇನಿ.”

“ನಿನಗ ಕೊಡೂದಿಲ್ಲ.”

ಪ್ರಮಿಳಾಳ ಮುಖ ಸಣ್ಣದಾಯಿತು. ಇಷ್ಟು ವರ್ಷದ ನಂಬಿಕೆ ಒಂದು ಸಲದ ತಪ್ಪಿಗೆ ಹೋಯಿತು ಎಂದುಕೊಂಡಳು.

“ಸಿಟ್ಟಾದ್ರ್ಯಾ?”

“ಸಿಟ್ಟ್ಯಾಕ? ಹಂದಿ ಕಾಟ ಅಂತ ಎಲ್ಲಾರಿಗೂ ಹೇಳಿದೆ. ಹಂದಿ ಮೊದಲೂ ಇದ್ವು. ಖರೇ ಅಂದ್ರ ನನ್ನ ಕೈಲೆ ಆಗವಲ್ದಾಗಿತ್ತು. ಹಂಗನ್ನಾಕ ನಾಚಿಕಿ ಬಂತು. ಗಂಟು ಕಟ್ಟಿ ನಿನಗ ಹೊರಸಿದೆ. ಇನ್ನೊಮ್ಮೆ ಹೊರಸೂದಿಲ್ಲ. ಮೊದಲ ಉಣ್ಣು, ಆಮ್ಯಾಲ ಮಲಕೋ.”

ಮುದುಕಿ ಬಿಸಿ ಅನ್ನಕ್ಕೆ ಹುರುಳಿ ಕಟ್ಟಿನ ಸಾರು ಹಾಕಿ ಬಡಿಸಿದಳು. ಯಾರೋ ಮಾಡಿದ ಅಡಿಗೆಯನ್ನು ಹೀಗೆ ಸುಮ್ಮನೆ ಕೂತು ಉಂಡು ಎಷ್ಟು ಕಾಲವಾಗಿತ್ತೋ. ಪಡಸಾಲೆಯಲ್ಲಿ ಕೌದಿ ಹಾಸಿದ್ದೇ ತಡ, ಪ್ರಮಿಳಾಗೆ ಕಣ್ಣು ಹತ್ತಿತು.

ಫೋನಿನ ಸದ್ದಿಗೆ ಅರೆ ಎಚ್ಚರವಾಯಿತು. ಏಳಬೇಕೆಂದುಕೊಳ್ಳುವಷ್ಟರಲ್ಲಿ ಮಾವಶಿ ಅದನ್ನೆತ್ತಿ ಬಾಯಿ ಮುಂದೆ ಹಿಡಿದುಕೊಂಡಿದ್ದಳು. ಎಲ್ಲಿ ಒತ್ತಿದ್ದಳೋ ಏನೋ, ಆ ಕಡೆಯ ಮಾತು ಪಡಸಾಲೆಗೆಲ್ಲ ಕೇಳುತ್ತಿತ್ತು.

“ಪ್ರಮಿಳಾ ಕಾಕೂ, ನಾ ಸೃಷ್ಟಿ. ಬದನಿ ಸಸಿ ಸೋಮವಾರ ಸಿಗ್ತಾವಲ್ರಿ?”

“ಅಕಿ ಮಲಗ್ಯಾಳ. ಸಸಿ ಇಲ್ಲ. ನೀವ ಚೆಲ್ಲಿದ ಚರಗಾ ತಿನ್ನಾಕ ಇಲಿ ಬಂದಿದ್ವು, ಸಸೀನೂ ತಿಂದು ಹೋಗ್ಯಾವು.”

“ಅಯ್ಯ, ಕಾಕೂ ನಮಗ ಒಂದ್ ಮಾತೂ ಹೇಳಲಿಲ್ಲ!”

“ಅಕಿಗೆ ಹೇಳಾಕ ಬರೂದಿಲ್ಲವ್ವ. ನನಗ ಬರ್ತದ. ಬೀಜಾ ಬೇಕಾದ್ರ ಖಾನಾಪುರಕ್ಕ ಬಾ. ಹಣ್ಣು ಕೊಯ್ದು, ತೊಳದು, ಒಣಗಿಸಿ, ಸಸಿ ನೀನ ಮಾಡಕೋ.”

“ನೋಡ್ತೇನ್ರಿ,” ಎಂದಳು ಸೃಷ್ಟಿ.

ಈ ‘ನೋಡ್ತೇನ್ರಿ’ಯ ಅರ್ಥ ಪ್ರಮಿಳಾಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿ ಬರಬಹುದು, ಬರದೆಯೂ ಇರಬಹುದು. ಯಾರೂ ಬರದಿದ್ದರೆ ಬುಟ್ಟಿಯ ಕಥೆ ಇಲ್ಲಿಗೆ ಮುಗಿಯಿತು. ತಕ್ಷಣ ಎದ್ದು ಫೋನು ಕಸಿದುಕೊಂಡು, ಇಲ್ಲವ್ವ, ನಾನೇ ಮಾಡಿಕೊಡುತ್ತೇನೆ ಎನ್ನಬೇಕು ಎಂದು ನಾಲಿಗೆ ತುರಿಸಿತು. ಕಣ್ಣಿಂದ ನೀರು ಇಳಿದು ಕಿವಿಯವರೆಗೆ ಹೋಯಿತು. ಆದರೂ ಏಳಲಿಲ್ಲ.

“ಕಾಕೂ ಯಾವಾಗ ಏಳ್ತಾರ್ರಿ?” ಎಂದು ಫೋನು ಕೇಳುತ್ತಿತ್ತು.

“ಎಚ್ಚರಾದಾಗ,” ಎಂದಳು ಮಾವಶಿ.

ಎಚ್ಚರವಾಗಿಯೇ ಇದ್ದ ಪ್ರಮಿಳಾ ಗೋಡೆಯ ಕಡೆ ಹೊರಳಿ, ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡಳು.