ಹಳೆಯ ಕಾರಿನ ವಕೀಲ

ಪಿರಿಯಾಪಟ್ಟಣದಲ್ಲಿ ಯಾರೇ ವೇಗದ ಸಣ್ಣ ಕಾರು ಕೊಂಡರೂ ಮೊದಲು ಮೆಕ್ಯಾನಿಕ್ ಚೆಲುವರಾಜುವಿಗೆ ತೋರಿಸಿ ಬೈಸಿಕೊಳ್ಳುತ್ತಾರೆ. ಅವನು ವೈದ್ಯನಂತೆ ಬಾನೆಟ್ಟಿಗೆ ಕಿವಿಗೊಟ್ಟು, ಹುಣಸೂರು ರಸ್ತೆಯಲ್ಲಿ ನಾಲ್ಕು ಮೈಲಿ ಓಡಿಸಿ ಬಂದು ತೀರ್ಪು ಕೊಡುತ್ತಾನೆ. ಗೆಲ್ಲುವುದು ಯಾವಾಗಲೂ ಅವನದೇ ಹಳೆಯ ಕೆಂಪು ಕಾರು. ಕಳೆದ ವಾರ ಹೊಗೆಸೊಪ್ಪಿನ ಬೆಳೆಗಾರ ರಘು ಅದೇ ಕಾರಿನ ಹೊಸ ಮಾದರಿಯನ್ನು ತಂದಾಗಲೂ ಹಾಗೇ ಆಯಿತು. "ಓಟ ಜಾಸ್ತಿ ಐತೆ, ಬುಡು. ಆದ್ರೆ ಅಳೇದು ಗುರ್ ಅಂದ್ರೆ ಎದೆ ನಡುಗ್ತಿತ್ತು. ಇದು ಪಿಸುಗುಡ್ತದೆ ಕಣ್ಲಾ," ಎಂದ ಚೆಲುವರಾಜು. ರಘು ನಕ್ಕು ಕೀಲಿಗೆ ಕೈ ಚಾಚಿದ. ಚೆಲುವರಾಜು ಕೊಡಲಿಲ್ಲ. "ಒಂದ್ಸಲ ನಮ್ಮ ಸಾಕಮ್ಮನ್ನ ಕೂರಿಸ್ಕೊಂಡು ಬರ್ಲಾ?" ಎಂದು ಮೆಲ್ಲಗೆ ಕೇಳಿದ. ಅವನ ಹೆಂಡತಿ ಸಾಕಮ್ಮನಿಗೆ ಬೆನ್ನಿನ ಆಪರೇಷನ್ ಆಗಿ ಎರಡು ವರ್ಷವಾಗಿತ್ತು. ಬಸ್ಸಿನ ಕುಲುಕಾಟವನ್ನಾಗಲಿ ಕೆಂಪು ಕಾರಿನ ಬಿರುಸನ್ನಾಗಲಿ ತಡೆಯಲಾರದೆ ಅವಳು ತವರೂರು ಅಂತರಸಂತೆಯನ್ನು ಅಂದಿನಿಂದ ಕಂಡಿರಲಿಲ್ಲ. ಅವಳನ್ನು ಹೊಸ ಕಾರಿನಲ್ಲಿ ಕೂರಿಸಿಕೊಂಡು ಊರಾಚೆಯ ಗುಂಡಿಗಳ ಮೇಲೆ ಅವನು ಓಡಿಸಿದ. ಮೂರನೆಯದು ದಾಟಿದ ಮೇಲೆ ಅವಳು, "ನೋಯ್ಲಿಲ್ಲ ಕಣ್ರೀ. ನಮ್ಮೂರ್ಗಂಟ ಓಗ್ಬೋದು," ಎಂದಳು. ಚೆಲುವರಾಜು ಕಾರು ತಿರುಗಿಸಿ, ಅದೇ ಗುಂಡಿಗಳ ಮೇಲೆ ಇನ್ನೊಮ್ಮೆ ಓಡಿಸಿ ಅವಳ ಮುಖ ನೋಡಿದ. ಮರುದಿನ ಕೆಂಪು ಕಾರನ್ನು ಚೆನ್ನಾಗಿ ತೊಳೆದು, ಗಾಜಿನ ಮೇಲೆ 'ಮಾರಾಟಕ್ಕಿದೆ' ಎಂಬ ಚೀಟಿಯನ್ನು ತಾನೇ ಅಂಟಿಸಿದ.