ಮೊದಲ ಕೂದಲು ಕತ್ತರಿಸಿದವರು ಯಾರು?

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಟ್ಟದಿಂದ ಕಾಡಿನ ಊರು ಮಾಲ್ಡೊನಾಡೊಗೆ ಇಳಿಯುವ ಬಸ್ಸು ನಮ್ಮ ನಿಲ್ದಾಣದಲ್ಲಿ ನಿಂತಿದೆ. ಜನ ಬಿಸಿ ಕಿನುವಾ ಗಂಜಿಗೆ ಮುಗಿಬಿದ್ದಿದ್ದಾರೆ, ಇಲ್ಲೇ ಅಂಗಡಿ ಇಟ್ಟಿರುವ ನಾನೂ ಒಂದು ಲೋಟ ಹಿಡಿದು ನಿಂತಿದ್ದೇನೆ. ಹೆಂಗಸರ ಶೌಚಾಲಯದ ನೆಲ ತೊಳೆದ ಎಪಿಫಾನಿಯಾ ಚಾಂಪಿ, ತಲೆಗೆ ಒಂದು ಸೋಲ್ ಕಾಸು ವಸೂಲಿಗೆಂದು ಬಾಗಿಲ ಬಳಿ ಸ್ಟೂಲು ಹಾಕಿ ಕೂತಿದ್ದಾರೆ. ಚಳಿಗೆ ಕೈ ಮರಗಟ್ಟಿದೆ, ಕಣ್ಣು ಮಾತ್ರ ಬಸ್ಸಿನ ಮೆಟ್ಟಿಲ ಮೇಲಿದೆ.

ಹದಿಮೂರು ದಾಟಿರದ ಒಬ್ಬ ಹುಡುಗಿ ಇಳಿಯುತ್ತಾಳೆ. ಹಳೆಯ ಲಂಗ, ಹೊಚ್ಚ ಹೊಸ ಬೂಟು. ಜೊತೆಗಿರುವ ಹೆಂಗಸು ಶೌಚಾಲಯದ ಬಾಗಿಲವರೆಗೂ ಅವಳ ರಟ್ಟೆ ಬಿಡುವುದಿಲ್ಲ.

"ಯಾರಮ್ಮ ಈ ಮಗು?" ಎಪಿಫಾನಿಯಾ ಕೇಳುತ್ತಾರೆ.

"ನಾನು ಇವಳ ಧರ್ಮತಾಯಿ. ಹೋಟೆಲ್ ಕೆಲಸಕ್ಕೆ ಕರ್ಕೊಂಡು ಹೋಗ್ತಿದ್ದೀನಿ. ನಿಂಗ್ಯಾಕೆ ಊರ ಉಸಾಬರಿ?"

"ಹಂಗಾದ್ರೆ ಇವಳ ಮೊದಲ ಕೂದಲು ಕತ್ತರಿಸಿದ್ದು ಯಾರು?"

ನಮ್ಮ ಬೆಟ್ಟಗಳಲ್ಲಿ ಮಗುವಿನ ಮೊದಲ ಕೂದಲು ಕತ್ತರಿಸುವವರು ಧರ್ಮತಂದೆ, ಧರ್ಮತಾಯಿ. ಅಂದೇ ಮಗುವಿನ ಹೆಸರಿಗೆ ಒಂದು ಹೆಣ್ಣುಕುರಿ ಕೊಡುತ್ತಾರೆ. ಆ ಕುರಿಯೂ ಅದರ ಮರಿಗಳೂ ಮಗುವಿನವು, ಹೆತ್ತವರು ಕೂಡ ಮುಟ್ಟುವಂತಿಲ್ಲ. "ಸುಳ್ಳು ಧರ್ಮತಾಯಂದಿರು ಈ ಪ್ರಶ್ನೆಗೇ ತಡಬಡಾಯಿಸ್ತಾರೆ," ಎಂದು ಎಪಿಫಾನಿಯಾ ಆಗಾಗ ಹೇಳಿ ನಗುತ್ತಾರೆ. ಹಾಗೆ ತಡಬಡಾಯಿಸಿದ್ದರಿಂದ ಮನೆಗೆ ಮರಳಿದ ಹುಡುಗಿಯರು ಎಷ್ಟೋ. ಲೆಕ್ಕ ಇಟ್ಟವರಿಲ್ಲ.

ಈ ಬಸ್ಸು ಹೋಗುವ ಕಾಡಿನಲ್ಲಿ ಚಿನ್ನ ಅಗೆಯುವ ಜಾಗದ ಸಾರಾಯಿ ಅಂಗಡಿಗಳಲ್ಲಿ 'ಹೋಟೆಲ್ ಕೆಲಸ' ಎಂದರೆ ಏನೆಂದು ಈ ನಿಲ್ದಾಣದಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಗಂಜಿ ಕುಡಿಯುತ್ತಾ ನಿಲ್ಲುತ್ತೇವಲ್ಲ, ನನಗೆ ಮೈ ಉರಿಯುವುದು ಅದಕ್ಕೇ.

ಎಪಿಫಾನಿಯಾ ಅವರನ್ನೂ ಚಿಕ್ಕಂದಿನಲ್ಲಿ ಧರ್ಮತಾಯಿಯೊಬ್ಬಳು ರಾಜಧಾನಿ ಲಿಮಾಗೆ ಕರೆದೊಯ್ದಿದ್ದಳು. ಅಡುಗೆಮನೆಯ ನೆಲವೇ ಹಾಸಿಗೆ, ಸಂಬಳವಿಲ್ಲ. "ಶಾಲೆಗೆ ಸೇರಿಸ್ತೀನಿ ಅಂದಿದ್ಲು. ಶಾಲೆ ಕಾಣಿಸ್ತಿತ್ತು, ತಾರಸಿ ಮೇಲೆ ಅವರ ಬಟ್ಟೆ ಒಣಗಹಾಕುವಾಗ. ಕರ್ಕೊಂಡು ಹೋದ ದಿನ ಬಸ್ಸು ತುಂಬ ಜನ ಇದ್ರು, 'ಎಲ್ಲಿಗೆ ಮಗಳೇ' ಅಂತ ಒಬ್ಬರೂ ಕೇಳಲಿಲ್ಲ. ಅದಕ್ಕೇ ನಾನು ಕೇಳ್ತೀನಿ." ಹೀಗೆ ಕೇಳಿದ್ದಕ್ಕೆ ಬೆದರಿಕೆ ಬಂದಿದೆ, ಒಮ್ಮೆ ಕಲ್ಲೇಟೂ ಬಿದ್ದಿದೆ. ಸ್ಟೂಲು ಮಾತ್ರ ಜಾಗ ಬಿಟ್ಟಿಲ್ಲ.

ಆದರೆ ಇವತ್ತಿನ ಹೆಂಗಸು ತಡಬಡಾಯಿಸುವುದಿಲ್ಲ. "ನಾನೇ ಕತ್ತರಿಸಿದ್ದು. ಕಪ್ಪು ಕಿವಿ ಕುರಿ ಕೊಟ್ಟೆ. ಸಾಕಾ?"

ಹುಡುಗಿ ಹೌದೆಂದು ತಲೆಯಾಡಿಸುತ್ತಾಳೆ. ಇನ್ನೇನು ಮಾಡುವುದೆಂದು ನನಗೇ ತೋಚುವುದಿಲ್ಲ. ಎಪಿಫಾನಿಯಾ ಒರೆಸಿಕೊಳ್ಳುವ ಕಾಗದದ ಚೂರು ಕೊಡುವ ನೆಪದಲ್ಲಿ ಹುಡುಗಿಯ ಹಿಂದೆ ಒಳಗೆ ಹೋಗಿ, ಬೆಟ್ಟದವರ ಕೆಚುವಾ ಮಾತಿನಲ್ಲಿ ಮೆಲ್ಲಗೆ ವಿಚಾರಿಸುತ್ತಾರೆ.

"ನಿನ್ ಹೆಸರೇನು ಪುಟ್ಟಿ?"

"ನಯ್ದಾ."

"ನಿನ್ ಕುರಿ ಈಗ ಎಲ್ಲಿದೆ?"

"ಧರ್ಮತಾಯಿ ಮಾರಿಬಿಟ್ರು. ಬೂಟಿಗೆ, ಟಿಕೆಟಿಗೆ. ಅಮ್ಮಂಗೆ ಗೊತ್ತಿಲ್ಲ."

"ನೀನು ಹೊರಟಿರೋದು?"

"ಅದೂ ಗೊತ್ತಿಲ್ಲ."

"ಚಿಲಕ ಹಾಕ್ಕೋ. ನಾನು ಹೆಸರು ಹಿಡಿದು ಕರೆಯೋವರೆಗೆ ತೆಗೀಬೇಡ."

ಹೊರಗೆ ಬಂದವರೇ ನೆಲ ಒರೆಸುವ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದು ನಿಲ್ಲುತ್ತಾರೆ. ಗಂಜಿ ಮಾರುವವಳಿಗೆ ಕಣ್ಸನ್ನೆ ಮಾಡುತ್ತಾರೆ, ಅವಳು ಠಾಣೆಯತ್ತ ಓಡುತ್ತಾಳೆ. ಚಾಲಕ ಹಾರ್ನು ಹೊಡೆಯುತ್ತಾನೆ.

"ಏನ್ ಎಪಿಯಮ್ಮ, ಒಂದು ಹುಡುಗಿಗೋಸ್ಕರ ಬಸ್ಸು ಕಾಯ್ಬೇಕಾ?"

"ಕಾಯ್ಬೇಡಪ್ಪ, ಹೊರಡು. ಅವಳೊಬ್ಬಳನ್ನ ಬಿಟ್ಟು ಹೊರಡು."

ಹೆಂಗಸು ಕೋಲನ್ನು ಕಿತ್ತುಕೊಳ್ಳಲು ಜಗ್ಗುತ್ತಾಳೆ. "ಕೂದಲು ಕತ್ತರಿಸಿದವಳು ನಾನು! ಅವಳ ಮೇಲೆ ನಂಗೆ ಹಕ್ಕಿದೆ!"

"ಆ ಕೂದಲಿನ ಕುರೀನೇ ಮಾರ್ಕೊಂಡು ತಿಂದೆಯಲ್ಲೇ! ಇನ್ನೆಲ್ಲಿ ಹಕ್ಕು?"

ಆ ಮಾತು ಬಸ್ಸಿನೊಳಕ್ಕೂ ಕೇಳಿಸುತ್ತದೆ. ಒಳಗಿರುವವರೆಲ್ಲ ಬೆಟ್ಟದವರೇ. ಒಬ್ಬ ಅಜ್ಜಿ ಇಳಿದು ಬಂದು ಎಪಿಫಾನಿಯಾ ಪಕ್ಕ ನಿಲ್ಲುತ್ತಾಳೆ. ಆಮೇಲೆ ಇನ್ನಿಬ್ಬರು, ಆಮೇಲೆ ಬಸ್ಸಿನ ಅರ್ಧ ಜನ. ಚಾಲಕ ತಾನಾಗಿಯೇ ಇಂಜಿನ್ ಆರಿಸುತ್ತಾನೆ. ಮಹಿಳಾ ಪೊಲೀಸ್ ಬರುವಾಗ ಧರ್ಮತಾಯಿಗೆ ಅಲುಗಾಡಲೂ ಜಾಗವಿಲ್ಲ.

ಪೊಲೀಸರಿಂದ ಸುದ್ದಿ ಮುಟ್ಟಿ, ಮಧ್ಯಾಹ್ನ ಹಾಲಿನ ಲಾರಿಯಲ್ಲಿ ನಯ್ದಾಳ ತಾಯಿ ಬರುತ್ತಾಳೆ. ಮಗಳನ್ನು ತಬ್ಬಿಕೊಂಡು ಮೊದಲು ಬೈಯುತ್ತಾಳೆ, ಆಮೇಲೆ ಅಳುತ್ತಾಳೆ. ನನ್ನ ಕಣ್ಣೂ ತುಂಬುತ್ತದೆ. ಎಪಿಫಾನಿಯಾ ಆಗಲೇ ನೆಲ ತೊಳೆಯುತ್ತಿದ್ದಾರೆ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಬಕೆಟ್ ಕೆಳಗಿಟ್ಟು ಯೋಚಿಸುತ್ತಾರೆ.

"ಇವಳು ದೊಡ್ಡವಳಾಗಿ, ತನ್ನ ಕೆಲಸಕ್ಕೆ ತಾನೇ ಟಿಕೆಟ್ ತಗೊಂಡು ಈ ದಾರೀಲಿ ಒಂದ್ಸಲ ಹೋಗ್ಬೇಕು. ನನ್ನ ಗುರುತು ಸಿಗದಿದ್ರೂ ಚಿಂತೆಯಿಲ್ಲ. ಶೌಚಾಲಯದ ಒಂದು ಸೋಲ್ ಮಾತ್ರ ನಾನು ಬಿಡಲ್ಲ."