ಗಾಡಿಯ ಕೆಳಗೆ ಮಲಗಿ ನೋಡಿದ ಅಕ್ಕ

ನನ್ನ ಅಕ್ಕ ನರ್ಸ್. ವನದುರ್ಗದಿಂದ ಇನ್ನೂ ಒಳಗೆ, ಡಾಂಬರು ಮುಗಿದ ಮೇಲೆ ಸಿಗುವ ಹಳ್ಳಿಗಳು ಅವಳ ಪಾಲಿಗೆ ಬಂದಿವೆ. ಬೇಸಿಗೆಯಲ್ಲಿ ಆ ದಾರಿ ದಾರಿಯಂತೆಯೇ ಇರುತ್ತದೆ. ಮಳೆ ಬಿದ್ದರೆ ಮಾತ್ರ ಎರೆಮಣ್ಣು ಹಿಡಿದ ಚಕ್ರವನ್ನು ಬಿಡುವುದಿಲ್ಲ. ಒಂದು ಮಳೆಗಾಲದಲ್ಲಿ ಹೆರಿಗೆಗೆಂದು ಕರೆ ಬಂದಾಗ ಅವಳ ಸಣ್ಣ ಕಾರು ನಡುದಾರಿಯಲ್ಲೇ ಹೂತುಹೋಯಿತು. ಚಪ್ಪಲಿ ಕೈಯಲ್ಲಿ ಹಿಡಿದು, ಔಷಧದ ಚೀಲ ತಲೆಯ ಮೇಲಿಟ್ಟುಕೊಂಡು ನಡೆದಳು. ಅವಳು ಮುಟ್ಟುವಷ್ಟರಲ್ಲಿ ಊರಿನ ಮುದುಕಿಯೊಬ್ಬಳು ಕೂಸನ್ನು ಕೈಗೆ ತೆಗೆದುಕೊಂಡಾಗಿತ್ತು. ಆದರೆ ತಾಯಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ಅಕ್ಕ ಹೇಗೋ ಉಳಿಸಿದಳು. ಮನೆಗೆ ಬಂದವಳು ಊಟಕ್ಕೆ ಕೂರಲಿಲ್ಲ.

"ಇನ್ನ ಜರಾ ತಡ ಆಗಿದ್ರ ಆ ಹುಡುಗಿ ಹೋಗೇಬಿಡ್ತಿದ್ಳು ತಮ್ಮಾ. ಮುಂದಿನ ಮಳಿಗಾಲದಾಗ ನಾ ನಡಕೋತ ಹೋಗಂಗಿಲ್ಲ" ಎಂದಳು.

ಹೀಗೆ ನಮ್ಮ ಮನೆಯಲ್ಲಿ ಹಳೆಯ ಎಸ್‌ಯುವಿಯ ಹುಡುಕಾಟ ಶುರುವಾಯಿತು. ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕಿತ್ತು. ಹೊಸದು ನಮ್ಮ ಕೈಗೆಟುಕುವ ಮಾತಲ್ಲ.

ನಾನು ಶಹಾಪುರದಲ್ಲಿ ಗುಮಾಸ್ತ. ಗಾಡಿಗಳ ವಿಡಿಯೊ ನೋಡುವುದು ನನ್ನ ಚಟ. ಎಲ್ಲವನ್ನೂ ಅಕ್ಕನಿಗೂ ಕಳಿಸುತ್ತಿದ್ದೆ. ನಾವು ಮನಸ್ಸು ಮಾಡಿದ್ದ ಗಾಡಿಯಲ್ಲಿ ಮೈಕಟ್ಟು ಒಂದೇ, ದರ್ಜೆ ಮೂರು: ಬೇಸ್, ನಡುವಿನದು, ಟಾಪ್ ಎಂಡ್. ಡೀಸೆಲ್ ಎಂಜಿನ್ನೂ ಸಣ್ಣದೊಂದು, ದೊಡ್ಡದೊಂದು. ನಾಲ್ಕು ಚಕ್ರದ ಎಳೆತ ಬರುವುದು ದೊಡ್ಡ ಎಂಜಿನ್ನಿನ ಟಾಪ್ ಎಂಡಿನಲ್ಲಿ ಮಾತ್ರ, ಅದೂ ಎಲ್ಲದರಲ್ಲಿ ಅಲ್ಲ. ಎಂಜಿನ್ ಯಾವುದೆಂದು ಆರ್‌ಸಿಯಲ್ಲಿ ಸಿಸಿ ನೋಡಿದರೆ ತಿಳಿಯುತ್ತದೆ. ಉಳಿದದ್ದನ್ನು ಗಾಡಿಯ ಮೈಮೇಲೆಯೇ ಓದಬೇಕು. ಅಲ್ಲೇ ಇರುವುದು ಫಜೀತಿ. ನಮ್ಮ ಕಡೆಯ ಜನ ಗಾಡಿಯನ್ನು ಇದ್ದ ಹಾಗೆ ಇಡುವವರೇ ಅಲ್ಲ.

ಮೊದಲು ಯಾದಗಿರಿಗೆ ಹೋದೆವು. ಹಳೆಯ ಗಾಡಿ ಮಾರುವವನ ಅಂಗಳದಲ್ಲಿ ಬಿಳಿ ಗಾಡಿಯೊಂದು ನಿಂತಿತ್ತು. ಅಲಾಯ್ ಚಕ್ರ, ಬಾಗಿಲಿಗೆಲ್ಲ ಬೆಳ್ಳಿ ಪಟ್ಟಿ, ಒಳಗೆ ದೊಡ್ಡ ಪರದೆ. ಹಿಂಬದಿಯಲ್ಲಿ ನಾಲ್ಕು ಚಕ್ರದ ಗುರುತು ಬೇರೆ ಫಳಫಳ ಹೊಳೆಯುತ್ತಿತ್ತು. ನಾನು ಅಲ್ಲೇ ಸೋತೆ. ಮನಸ್ಸಿನಲ್ಲಿ ಆಗಲೇ ಅದಕ್ಕೆ ಹೂವಿನ ಹಾರ ಹಾಕಿ ಮನೆ ಮುಂದೆ ನಿಲ್ಲಿಸಿದ್ದೆ.

"ಟಾಪ್ ಎಂಡ್ ಅದ ಮೇಡಂ. ಹಿಂಥಾ ಪೀಸ್ ಮತ್ತ ಸಿಗಂಗಿಲ್ರಿ" ಎಂದ ಮಾರುವವನು.

ಅಕ್ಕ ಹೊಳಪಿಗೂ ಸೋಲಲಿಲ್ಲ, ಮಾತಿಗೂ ಸೋಲಲಿಲ್ಲ. ಬಾಗಿಲು ತೆಗೆದು ಸ್ಟೇರಿಂಗ್ ಪಕ್ಕದ ಬಟನ್ನುಗಳ ಸಾಲಿನ ಮೇಲೆ ಬೆರಳಾಡಿಸಿದಳು. ಅರ್ಧದಷ್ಟು ಬಟನ್ನುಗಳ ಮೇಲೆ ಏನೂ ಬರೆದಿರಲಿಲ್ಲ. ಒತ್ತಿದರೆ ಒಳಗೆ ಹೋಗಲೂ ಇಲ್ಲ, ಬಟನ್ ಇಲ್ಲದ ಜಾಗಕ್ಕೆ ಹಾಕಿದ ಬರೀ ಮುಚ್ಚಳ. ಆಮೇಲೆ ಪೇಪರ್ ಹಾಸಿ, ಸೀರೆಯ ಸೆರಗು ಸಿಕ್ಕಿಸಿ, ಫೋನಿನ ಬೆಳಕು ಹಿಡಿದು ಗಾಡಿಯ ಕೆಳಗೆ ಮಲಗಿಬಿಟ್ಟಳು. ಅಂಗಳದಲ್ಲಿದ್ದ ಗಂಡಸರೆಲ್ಲ ಕಣ್ಣರಳಿಸಿ ನಿಂತರು.

"ಹಿಂದಿನ ಗಾಲಿಗಿ ರಾಡ್ ಹೋಗ್ಯದ. ಮುಂದಿನ ಗಾಲಿಗಿ ಹೋಗೋದು ಎಲ್ಲದರಿ?" ಕೆಳಗಿನಿಂದ ಅವಳ ದನಿ ಬಂತು.

ಮಾರುವವನು ನಕ್ಕುಬಿಟ್ಟ. ಅವನಿಗೇನೂ ನಾಚಿಕೆಯಿಲ್ಲ. "ಅದು ಬೇಸ್ ಅದ್ರಿ ಅಕ್ಕೋರೆ. ಮಾಲಕರು ಚಂದ ಕಾಣಲಿ ಅಂತ ಎಲ್ಲಾ ಹಚ್ಚಿಸ್ಯಾರ."

ವಾಪಸು ಬರುವಾಗ ನಾನು ಮುಖ ಊದಿಸಿಕೊಂಡಿದ್ದೆ. ಅಷ್ಟು ಚಂದದ ಗಾಡಿ! ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ.

"ನೀ ಕಳಿಸಿದ ವಿಡಿಯೊದಾಗ. ನೀ ಬರೇ ಹೊಳಪು ನೋಡ್ದಿ, ನಾ ಮಾತು ಕೇಳ್ದೆ" ಎಂದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದಳು: "ಪೇಷಂಟ್ ಉಟ್ಟ ಸೀರಿ ನೋಡಿ ಮೈಯಾಗ ರಕ್ತ ಎಷ್ಟದ ಅಂತ ಹೇಳಾಕ ಬರತದೇನು? ಕೆಳಗಿನ ರೆಪ್ಪಿ ಎಳದು ನೋಡಬೇಕು."

ಎರಡನೆಯ ಗಾಡಿ ಸುರಪುರ ದಾಟಿ ತಿಂಥಣಿ ಕಡೆ ಹೋಗುವಾಗ ಸಿಗುವ ಹಳ್ಳಿಯೊಂದರಲ್ಲಿತ್ತು. ನನ್ನ ಕಚೇರಿಯವರೊಬ್ಬರು, ಸಾದಾ ಗಾಡಿ, ಬೇಕಾದರೆ ನೋಡಿ ಎಂದಿದ್ದರು. ಬೇವಿನ ಮರದ ಕೆಳಗೆ ಅದು ಹಕ್ಕಿಗಳ ಹಿಕ್ಕೆ ಹೊತ್ತು ನಿಂತಿತ್ತು. ಕಬ್ಬಿಣದ ಚಕ್ರ. ಹಿಂಬದಿಯಲ್ಲಿ ಒಂದಕ್ಷರವಿಲ್ಲ. ಮುಂದೆ ಕರಿ ಹಗ್ಗ, ಹಿಂದೆ ಹಳೆಯ ಚಪ್ಪಲಿ. ಒಳಗೆ ಸ್ಟೇರಿಂಗಿನ ಪಕ್ಕದಿಂದ ಗೇರಿನ ತನಕ ಮಾಸಿದ ಮಖಮಲ್ ಬಟ್ಟೆ ಹೊದಿಸಿದ್ದರು. ಬೇಸ್ ಮಾಡೆಲ್ಲೇ, ಸಂಶಯವಿಲ್ಲ. ನಡಿ ಹೋಗೋಣ ಎಂದು ಅಕ್ಕನ ಕಿವಿಯಲ್ಲಿ ಹೇಳಿದೆ.

ಅಕ್ಕ ಹಿಂಬದಿಯ ಗಾಜಿನ ಹತ್ತಿರ ಮುಖ ಇಟ್ಟಳು. ಗಾಜಿನೊಳಗೆ ಕೂದಲೆಳೆಯಂಥ ಗೆರೆಗಳಿದ್ದವು. ಮಂಜು ಕರಗಿಸುವ ಆ ತಂತಿ ಬೇಸ್ ಗಾಡಿಯಲ್ಲಿ ಬರುವುದಿಲ್ಲ. ಅವಳು ಪೇಪರ್ ಹಾಸಿದಳು, ಮಲಗಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೆನ್ನೆಗೆ ಗ್ರೀಸ್ ಹತ್ತಿತ್ತು. ಮುಖದ ತುಂಬ ನಗು.

ನೇರವಾಗಿ ಹೋಗಿ ಮಖಮಲ್ ಬಟ್ಟೆ ಎತ್ತಿದಳು. ಗೇರಿನ ಮುಂದೆ, ತಿರುಗಿಸುವ ಸಣ್ಣ ಗುಂಡಿ. ನಾಲ್ಕು ಚಕ್ರದ್ದು.

ಗಾಡಿಯ ಮಾಲೀಕರು ವಯಸ್ಸಾದ ರೈತರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಹೆಂಡತಿಯ ಮುಖ ನೋಡಿದರು. "ಇದು ಟಾಪ್ ಎಂಡ್ ಅದಲ್ರಿ ಯಜಮಾನ್ರ. ಸಾದಾ ಅಂತ ಯಾಕ ಹೇಳೀರಿ?" ಎಂದು ಅಕ್ಕ ಕೇಳಿದಳು.

"ತಂದ ದಿನಾನೇ ಊರ ಮಂದಿಯೆಲ್ಲಾ ಎಷ್ಟ ಚಂದ ಅದ, ಎಷ್ಟ ಚಂದ ಅದ ಅಂದ್ರವ್ವಾ. ಬೆಳಗಾಗೂದ್ರಾಗ ನನಗ ಜ್ವರ. ದೃಷ್ಟಿ ಆಗ್ಯದಂತ ಆಕಿ ಚಕ್ರ ಬದಲ ಮಾಡಿಸಿದ್ಳು, ಅಕ್ಷರ ಕೀಳಸಿದ್ಳು, ಗುಂಡಿ ಮ್ಯಾಲ ಬಟ್ಟಿ ಹಾಕಿದ್ಳು."

"ಮತ್ತ ಗುಂಡಿ ಕೆಲಸ ಮಾಡ್ತದೋ ಇಲ್ಲೋ?"

"ಮಾಡ್ತದ. ಆಗೊಮ್ಮಿ ಈಗೊಮ್ಮಿ ಗದ್ದಿ ಕಡಿ ತಿರುವತೇನಿ," ದನಿ ತಗ್ಗಿಸಿದರು, "ಯಾರೂ ಇರಲಾರದಾಗ."

ನನಗೆ ನಗು ತಡೆಯಲಾಗಲಿಲ್ಲ. ಯಾದಗಿರಿಯಲ್ಲಿ ಬಡ ಗಾಡಿಗೆ ಒಡವೆ ಹಾಕಿ ನಿಲ್ಲಿಸಿದ್ದರು, ಇಲ್ಲಿ ಸಿರಿವಂತ ಗಾಡಿಗೆ ಹರಕು ಉಡಿಸಿ ಬಚ್ಚಿಟ್ಟಿದ್ದರು. ಎರಡೂ ನಮ್ಮದೇ ಜಿಲ್ಲೆ!

ಮೊಣಕಾಲು ನೋವಿನಿಂದ ಅಷ್ಟೆತ್ತರ ಹತ್ತಲಾಗದೆ ಅವರು ಗಾಡಿ ಮಾರುತ್ತಿದ್ದರು. ಕಾಲುವೆ ನೀರು ಹರಿದು ಕೆಸರಾಗಿದ್ದ ಗದ್ದೆ ದಾರಿಯಲ್ಲಿ ಓಡಿಸಿ ನೋಡಲೇ ಎಂದು ಅಕ್ಕ ಕೇಳಿದಳು. ಗಂಡ ಹೆಂಡತಿ ದಂಡೆಯ ಮೇಲೆ ನಿಂತರು. ಅಕ್ಕ ಗುಂಡಿ ತಿರುಗಿಸಿ ಇಳಿಸಿದಳು. ಗಾಡಿ ಕೆಸರಿನಲ್ಲಿ ಎಮ್ಮೆಯ ಹಾಗೆ ನಿಧಾನವಾಗಿ, ಗಟ್ಟಿಯಾಗಿ ನಡೆದು ಆಚೆ ಹತ್ತಿತು.

"ಹಿಂಥಾ ದಾರ್ಯಾಗ ನಿನಗೇನು ಕೆಲಸ ತಂಗಿ?" ಆ ಹೆಂಗಸು ಕೇಳಿದಳು.

ಅಕ್ಕ ಹೆರಿಗೆಯ ಕತೆ ಹೇಳಿದಳು, ನಡೆದು ಹೋದದ್ದನ್ನು, ರಕ್ತವನ್ನು. ಮನೆಗೆ ಮರಳಿದ ಮೇಲೆ ಆಕೆ ಒಳಗೆ ಹೋಗಿ, ದೇವರ ಮಾಡದಿಂದ ಕುಂಕುಮದ ಡಬ್ಬಿ ತಂದಳು. ಕಿತ್ತ ಅಕ್ಷರಗಳು ಅದರಲ್ಲಿ ಅರಿಶಿನ ಕುಂಕುಮ ಹಚ್ಚಿಕೊಂಡು ಮಲಗಿದ್ದವು. "ಇವು ಇನ್ನ ನಿನ್ನವು. ಆದ್ರ ಹಚ್ಚಬ್ಯಾಡವ್ವಾ" ಎಂದು ಅಕ್ಕನ ಕೈಗೆ ಕೊಟ್ಟಳು. ಅಂಥದ್ದನ್ನೆಲ್ಲ ನಂಬದ ಅಕ್ಕ, ಎರಡು ಕೈಯಿಂದ ತೆಗೆದುಕೊಂಡು ಔಷಧದ ಚೀಲದಲ್ಲಿಟ್ಟಳು. ಇವತ್ತಿಗೂ ಅಲ್ಲೇ ಇವೆ.

ಆ ವರ್ಷದ ದೊಡ್ಡ ಮಳೆ ಬಿದ್ದ ದಿನ ನನಗೆ ರಜೆ. ಮಧ್ಯಾಹ್ನ ಫೋನ್ ಬಂತು. ಅದೇ ಹಳ್ಳಿ, ಇನ್ನೊಬ್ಬ ಹುಡುಗಿಗೆ ಹೆರಿಗೆ ನೋವು. ನಾನೂ ಹತ್ತಿಕೊಂಡೆ. ಸಣ್ಣ ಕಾರು ಹೂತಿದ್ದ ಜಾಗ ಬಂದಾಗ ಅಕ್ಕ ತುಟಿ ಕಚ್ಚಿಕೊಂಡಳು. ಗುಂಡಿ ತಿರುಗಿತು. ಹಿಂಭಾಗ ಒಮ್ಮೆ ಜಾರಿ ಅಡ್ಡಕ್ಕೆ ಹೋಯಿತು, ನಾನು ಕಣ್ಣು ಮುಚ್ಚಿದೆ. ಆಮೇಲೆ ಮುಂದಿನ ಚಕ್ರಗಳು ನೆಲ ಹಿಡಿದು ಎಳೆದದ್ದು ಸೀಟಿನಲ್ಲೇ ಗೊತ್ತಾಯಿತು. ಕಣ್ಣು ಬಿಟ್ಟಾಗ ಊರು ಕಾಣುತ್ತಿತ್ತು.

ನೋವು ಇನ್ನೂ ನಡೆದಿತ್ತು. ಅಕ್ಕ ಒಳಗೆ ಹೋದಳು. ನಾನು ಜಗಲಿಯ ಮೇಲೆ ಕುಳಿತು, ಕೆಸರು ಮೆತ್ತಿದ ಆ ಬೋಳು ಗಾಡಿಯನ್ನು ಪ್ರೀತಿಯಿಂದ ನೋಡುತ್ತಿದ್ದೆ. ಮಳೆ ಹನಿ ಕಡಿಯುವ ಹೊತ್ತಿಗೆ ಕೂಸಿನ ಅಳು ಕೇಳಿಸಿತು. ತಾಯಿಯೂ ಚೆನ್ನಾಗಿದ್ದಳು.

ಅಕ್ಕ ಕೈ ತೊಳೆದು ಹೊರಗೆ ಬಂದಾಗ, ಹಿಂದಿನ ಸಲ ಕೂಸು ಹಿಡಿದಿದ್ದ ಆ ಮುದುಕಿ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದಳು. ಗಾಡಿಗೆ ದೃಷ್ಟಿ ತೆಗೆಯುತ್ತಾಳೆಂದು ನಾನು ಎದ್ದು ದಾರಿ ಬಿಟ್ಟೆ.

"ಸರೀ ಅತ್ತಾಗ. ನಿನ್ನ ಗಾಡಿ ಯಾರಿಗಿ ಬೇಕಾಗ್ಯದ?" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಆ ಮುಷ್ಟಿಯನ್ನು ಅಕ್ಕನ ತಲೆಯಿಂದ ಕಾಲಿನವರೆಗೆ ಇಳಿಸತೊಡಗಿದಳು.

ಗಾಡಿ ನೋಡುವಾಗ ಯಾರ ಮಾತಿಗೂ ಬಗ್ಗದಿದ್ದ ನನ್ನ ಅಕ್ಕ, ಒದ್ದೆ ಸೀರೆಯಲ್ಲಿ, ತಲೆಬಾಗಿಸಿ, ಮುದುಕಿ ಮುಗಿಸುವ ತನಕ ಕದಲದೆ ನಿಂತಿದ್ದಳು.